ಪ್ರಸಂಗಿಯ ‘ಹೆವೆಲ್’: ಎಣಿಕೆ ಮತ್ತು ಅರ್ಥವನ್ನು ಕುರಿತು ಒಂದು ಟಿಪ್ಪಣಿ

1. ಪದ

ಕನ್ನಡ ಬೈಬಲಿನ ‘ಪ್ರಸಂಗಿ’ ಪುಸ್ತಕದಲ್ಲಿ ‘ವ್ಯರ್ಥ’ ಎಂದು ಬರುವ ಮಾತಿಗೆ ಹೀಬ್ರೂ ಮೂಲ ‘ಹೆವೆಲ್’. ಮೂಲಾರ್ಥ ಉಸಿರು, ಆವಿ. ಆದಿಕಾಂಡ 4ರ ಹೇಬೆಲನ ಹೆಸರಿನ ಅಕ್ಷರಗಳೂ ಇವೇ. ಆದರೆ ಅಲ್ಲಿ ಕಾಯಿನನ ಹೆಸರಿಗೆ ನಿರುಕ್ತಿಯಿದೆ, ಹೇಬೆಲನದಕ್ಕೆ ಇಲ್ಲ. ಆದ್ದರಿಂದ ಶ್ಲೇಷೆ ಉದ್ದಿಷ್ಟವೆಂದು ಖಚಿತವಾಗಿ ಹೇಳಲಾಗದು. ಕನ್ನಡದ ‘ಹಬೆ’ಯೊಡನೆ ಕಾಣುವ ಧ್ವನಿಸಾಮ್ಯ ಆಕಸ್ಮಿಕ.

2. ಎಣಿಕೆ

ರೂಢಿಯ ಹೀಬ್ರೂ (ಮಸೋರಾ) ಪಾಠದಲ್ಲಿ ಪ್ರಯೋಗಗಳು 38. ಅವುಗಳಲ್ಲಿ 1:2ರಲ್ಲೇ 5, ಅದನ್ನು ಪ್ರತಿಧ್ವನಿಸುವ 12:8ರಲ್ಲಿ 3. ಕೆಲವು ವಿದ್ವಾಂಸರು 37 ಎನ್ನುತ್ತಾರೆ. ವ್ಯತ್ಯಾಸಕ್ಕೆ ಮುಖ್ಯ ಕಾರಣ 9:9: ಅಲ್ಲಿ ‘ಹೆವೆಲ್‌ನ ದಿನಗಳು’ ಎಂಬರ್ಥದ ಪದಪುಂಜ ಎರಡು ಸಲ ಬರುತ್ತದೆ, ಕೆಲವು ಹಸ್ತಪ್ರತಿಗಳಲ್ಲಿ ಎರಡನೆಯದು ಇಲ್ಲ. ಅದು ಲಿಪಿಕಾರನ ದ್ವಿರುಕ್ತಿ ಇರಬಹುದು.

1980ರಲ್ಲಿ ಅಡಿಸನ್ ರೈಟ್ ಈ ಪದದ ಹೀಬ್ರೂ ಅಕ್ಷರಗಳ ಸಂಖ್ಯಾಮೌಲ್ಯದತ್ತ ಗಮನ ಸೆಳೆದರು: ಹೇ 5, ಬೇತ್ 2, ಲಾಮೆದ್ 30, ಮೊತ್ತ 37. ಪುಸ್ತಕದ ಒಟ್ಟು ವಚನಗಳು 222, ಅಂದರೆ 37ರ ಆರು ಪಟ್ಟು. ಹೊಂದಾಣಿಕೆ ಗಮನಾರ್ಹವೇ. ಆದರೆ ಪ್ರಯೋಗಗಳು 37 ಆಗುವುದು ಒಂದನ್ನು ಕೈಬಿಟ್ಟಾಗ ಮಾತ್ರ. ಕೈಬಿಡಲು ಹಸ್ತಪ್ರತಿಯ ಆಧಾರ ಸಾಕೆನಿಸಿದರೆ ಸರಿ; ಸಂಖ್ಯೆ ಕೂಡಿಬರುತ್ತದೆಂದು ಕೈಬಿಟ್ಟರೆ ಅದು ಚಕ್ರಕ ದೋಷ. ವಚನವಿಭಾಗವೂ ರಚನೆಗಿಂತ ತಡವಾಗಿ ಸ್ಥಿರಗೊಂಡದ್ದು.

3. ಕಾಲ

1:1 ಕರ್ತೃವನ್ನು ದಾವೀದನ ಮಗನೆನ್ನುತ್ತದೆ. ಸೊಲೊಮೋನನ ಹೆಸರು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. 2:5ರ ‘ಪರ್ದೇಸ್’, 8:11ರ ‘ಪಿತ್ಗಾಮ್’ ಇವು ಪಾರಸಿ ಮೂಲದ ಎರವಲುಗಳು, ಸೊಲೊಮೋನನ ಕಾಲವಾದ ಕ್ರಿ.ಪೂ. 10ನೆಯ ಶತಮಾನಕ್ಕೆ ಒಗ್ಗುವುದಿಲ್ಲ. ಕುಮ್ರಾನಿನ 4ನೆಯ ಗುಹೆಯಲ್ಲಿ ಸಿಕ್ಕ ಈ ಪುಸ್ತಕದ ತುಣುಕನ್ನು ಲಿಪಿಯ ಆಧಾರದಲ್ಲಿ ಸುಮಾರು ಕ್ರಿ.ಪೂ. 175–150ಕ್ಕೆ ನಿಗದಿಪಡಿಸಲಾಗಿದೆ. ರಚನೆ ಇದಕ್ಕಿಂತ ತಡವಾಗಿರಲಾರದು. ಪರ್ಷಿಯನ್ ಆಳ್ವಿಕೆಯೋ ಗ್ರೀಕ್ ಆಳ್ವಿಕೆಯೋ ಎಂಬ ಚರ್ಚೆ ಮುಗಿದಿಲ್ಲ.

4. ಅನುವಾದ

ಗ್ರೀಕ್ ಸೆಪ್ಟುವಜಿಂಟ್ ‘ಮತಯೋತೆಸ್’ (ನಿಷ್ಫಲತೆ) ಎಂಬ ಭಾವವಾಚಕವನ್ನು ಆರಿಸಿತು. ಆವಿಯ ಚಿತ್ರ ಅಲ್ಲಿಗೇ ಮರೆಯಾಯಿತು. ಕ್ರಿ.ಶ. 388ರ ಸುಮಾರಿನ ತನ್ನ ವ್ಯಾಖ್ಯಾನದಲ್ಲಿ ಜೆರೋಮ್, ಸೆಪ್ಟುವಜಿಂಟಿನವರ ಹೊರತು ಉಳಿದ ಗ್ರೀಕ್ ಅನುವಾದಕರೆಲ್ಲ ‘ಆವಿ’ ಎಂದೇ ತಂದಿದ್ದಾರೆಂದು ದಾಖಲಿಸುತ್ತಾನೆ. ಹಾಗಿದ್ದೂ ತನ್ನ ಲ್ಯಾಟಿನ್ ಪಾಠದಲ್ಲಿ ಅವನು ಉಳಿಸಿಕೊಂಡದ್ದು ‘ವಾನಿತಾಸ್’. ಕನ್ನಡದ ‘ವ್ಯರ್ಥ’ ಇದೇ ಸಾಲಿಗೆ ಸೇರುತ್ತದೆ; ವಿ+ಅರ್ಥ ಎಂಬ ವ್ಯುತ್ಪತ್ತಿಯಿಂದ ಅದು ಪ್ರಯೋಜನದ ಪ್ರಶ್ನೆಯನ್ನು ಮುಂದಕ್ಕೆ ತರುತ್ತದೆ, ಕಾಲದ ಪ್ರಶ್ನೆಯನ್ನಲ್ಲ.

5. ಅಲ್ಪಕಾಲಿಕತೆ ಎಲ್ಲೆಲ್ಲಿ?

6:12, 9:9, 11:10 ಇವುಗಳಲ್ಲಿ ಹೆವೆಲ್ ದಿನಗಳಿಗೆ ಅಥವಾ ಯೌವನಕ್ಕೆ ಅಂಟಿಕೊಂಡಿದೆ. ‘ಕ್ಷಣಿಕ’ ಎಂಬ ಅರ್ಥ ಇಲ್ಲಿ ಹೆಚ್ಚು ಸಹಜ. ‘ವ್ಯರ್ಥ’ ಎಂದರೆ 11:10ರಲ್ಲಿ ತೊಡಕಾಗುತ್ತದೆ: ಹಿಂದಿನ ವಚನವೇ ಯೌವನದಲ್ಲಿ ಸಂತೋಷಪಡುವಂತೆ ಹೇಳಿದೆ. ಇದಕ್ಕೆ ವಿರುದ್ಧ ಸಾಕ್ಷ್ಯ 8:14. ನೀತಿವಂತನಿಗೆ ದುಷ್ಟನ ಪಾಡು, ದುಷ್ಟನಿಗೆ ನೀತಿವಂತನ ಫಲ ಸಿಗುವುದನ್ನು ಅದು ಹೆವೆಲ್ ಎನ್ನುತ್ತದೆ. ಅಲ್ಲಿ ‘ಕ್ಷಣಿಕ’ ಹೊಂದುವುದಿಲ್ಲ. ಮೈಕೆಲ್ ಫಾಕ್ಸ್ ಸೂಚಿಸಿದ ‘ಅಸಂಗತ’ ಹೆಚ್ಚು ಒಪ್ಪುತ್ತದೆ, ಆದರೆ ಅದನ್ನು 11:10ಕ್ಕೆ ಒಯ್ಯುವುದು ಕಷ್ಟ. ಒಂದೇ ಕನ್ನಡ ಪದ 38 ಕಡೆಗೂ ಸಾಲದೆಂದು ತೋರುತ್ತದೆ. ಮೂಲ ಮಾತ್ರ ಪದವನ್ನು ಬದಲಿಸುವುದಿಲ್ಲ. 8:14ರಲ್ಲೇ ಅದು ಎರಡು ಸಲ ಬರುತ್ತದೆ, ವಚನದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ.