ಕೋವಿಯ ಹಿಡಿಗೆ ತಕ್ಕ ಮರ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಬ್ಬಿಣವನ್ನೇ ಕೊಂಡಾಡಿರುವರು. ಅದನ್ನು ಹೊತ್ತ ಮರವನ್ನು ಮರೆತಿರುವರು. ಕೋವಿಯ ನಳಿಗೆಯು ಮೂರು ತಲೆಗಳವರೆಗೆ ಬಾಳಬಹುದು. ಭುಜಕ್ಕೆ ಆನಿಸುವ ಮರದ ಹಿಡಿಯಾದರೋ ಗೆದ್ದಲಿಗೂ ತೇವಕ್ಕೂ ಪೆಟ್ಟಿಗೂ ಮೊದಲು ತುತ್ತಾಗುವುದು. ಆದುದರಿಂದ ಮುರಿದ ಹಿಡಿಗೆ ಬದಲು ಯಾವುದೆಂಬ ಪ್ರಶ್ನೆಯು ಬಡಗಿಯದು ಮಾತ್ರವಲ್ಲ, ಚರಿತ್ರೆಯದೂ ಅಹುದು.

ನಮ್ಮ ನಂಗಲಿಯು ಈ ಚರಿತ್ರೆಗೆ ಹೊರತಾದುದಲ್ಲ. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಶಾಸನಗಳು ಮೂಡಣ ಎಲ್ಲೆಯಾಗಿ ಹೇಳುವುದು ನಂಗಲಿಯ ಘಟ್ಟವನ್ನೇ. ಘಟ್ಟದ ದಾರಿಯಿರುವಲ್ಲಿ ದಂಡು ನಡೆಯುವುದು ಸಹಜ. 1768ರ ಅಕ್ಟೋಬರಿನಲ್ಲಿ ನೆರೆಯ ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಗೂ ಆಂಗ್ಲರಿಗೂ ಕಾಳಗವಾಯಿತು. 1791ರಲ್ಲಿ ಕಾರ್ನ್‌ವಾಲಿಸನು ಮೊಗಿಲಿ ಘಟ್ಟವನ್ನೇರಿ, ಕೋಲಾರದ ಮೇಲೆ ಬೆಂಗಳೂರಿಗೆ ನಡೆದನು.

ಆ ಕಾಲದ ಕೋವಿಗಳು ಎರಡು ಬಗೆಯವು. ದೇಶೀಯ ಬತ್ತಿಕೋವಿಯಲ್ಲಿ ನಳಿಗೆಯನ್ನು ಮರಕ್ಕೆ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಪಟ್ಟಿ ಬಿಚ್ಚಿದರೆ ಮರವು ಬೇರೆಯಾಗುತ್ತಿತ್ತು. ಚಕಮಕಿ ಕೋವಿಯಲ್ಲಿ ಕಲ್ಲಿನ ಯಂತ್ರವನ್ನು ಮರವನ್ನೇ ಕೊರೆದು ಕೂರಿಸಬೇಕಾಗಿದ್ದುದರಿಂದ ಹೊಸ ಹಿಡಿಯನ್ನು ಆಯಾ ಕೋವಿಯ ಕಬ್ಬಿಣಕ್ಕೆ ಒಪ್ಪುವಂತೆಯೇ ಕೆತ್ತಬೇಕಾಯಿತು. ನಡುವೆ ಎಡೆ ಉಳಿದರೆ ಸಿಡಿತದ ಹಿಮ್ಮೆಟ್ಟಿಗೆ ಮರವು ಸೀಳುವುದು.

ಇನ್ನು ಅಳತೆಯ ವಿಷಯ. ಉದ್ದವಾದ ಹಿಡಿಯು ಕಂಕುಳಿಗೆ ಸಿಕ್ಕಿಕೊಳ್ಳುವುದು. ಗಿಡ್ಡವಾದುದು ಕೆನ್ನೆಗೆ ಪೆಟ್ಟುಕೊಡುವುದು. ಇದನ್ನರಿತೇ ಮುಂದೆ ಆಂಗ್ಲರ ಲೀ-ಎನ್‌ಫೀಲ್ಡ್ ರೈಫಲಿಗೆ ನಾಲ್ಕು ಉದ್ದದ ಹಿಡಿಗಳನ್ನು ಮಾಡಿದರು. ಅವುಗಳ ನಡುವಣ ಅಂತರವು ಅರ್ಧ ಅರ್ಧ ಅಂಗುಲ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿಯೂ ಈ ರೈಫಲುಗಳು ತಯಾರಾದುವು. ಸಿಪಾಯಿಯ ತೋಳಿಗೆ ತಕ್ಕಂತೆ ಹಿಡಿಯೇ ಹೊರತು, ಹಿಡಿಗೆ ತಕ್ಕಂತೆ ತೋಳಲ್ಲ.

ಮರಗಳಲ್ಲಿ ಅಕ್ರೋಟು ಶ್ರೇಷ್ಠವೆಂಬುದು ಸರ್ವಸಮ್ಮತ. ಅದು ಹಗುರ, ಹದವಾಗಿ ಒಣಗಿದರೆ ತಿರುಚದು, ಪೆಟ್ಟನ್ನು ನುಂಗುವುದು. ನಮ್ಮ ಬೀಟೆಯು ಅಂದದಲ್ಲಿ ಹಿಂದಲ್ಲ. ಭಾರವು ಮಾತ್ರ ಹೆಚ್ಚು, ಅಪ್ಪಣೆಯಿಲ್ಲದೆ ಕಡಿಯತಕ್ಕದ್ದೂ ಅಲ್ಲ. ಯಾವ ಮರವಾದರೂ ಎಳೆಯು ಹಿಡಿಯ ಕೊರಳಿನ ಉದ್ದಕ್ಕೆ ಹರಿದಿರಬೇಕು. ಅಡ್ಡ ಹರಿದರೆ ಅಲ್ಲಿಯೇ ಮುರಿಯುವುದು. ಅಗಸೆಯೆಣ್ಣೆಯನ್ನು ತಿಕ್ಕಿ ತೇವವನ್ನು ತಡೆಯುವುದು ಬಲ್ಲವರ ಪದ್ಧತಿ.

ಕೊಡಗಿನಲ್ಲಿ ಕೋವಿಯು ಮನೆಯ ದೇವರ ಸಾಲಿಗೆ ಸೇರಿದುದು. ಕೈಲ್‌ಪೊಳ್ದಿನ ದಿನ ಅದಕ್ಕೆ ಹೂವೇರಿಸಿ ಪೂಜಿಸುವರು. 1861ರಲ್ಲಿ ಮಾರ್ಕ್ ಕಬ್ಬನ್ನರ ಆಜ್ಞೆಯಿಂದ ದೊರೆತ ಆಯುಧ ಕಾನೂನಿನ ವಿನಾಯಿತಿಯು ಅಲ್ಲಿ ಬೇರೆ ಬೇರೆ ರೂಪದಲ್ಲಿ ಮುಂದುವರಿದಿದೆ. ಉಳಿದ ಕಡೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕು. ದುರಸ್ತಿಯನ್ನೂ ಪರವಾನಗಿಯುಳ್ಳವನೇ ಮಾಡತಕ್ಕದ್ದು. 1972ರ ವನ್ಯಜೀವಿ ಕಾಯಿದೆಯ ತರುವಾಯ ಬೇಟೆಯ ಕಾಲವು ಮುಗಿಯಿತೆನ್ನಬಹುದು.

ಹೀಗಿರಲು ಪೂರ್ವಿಕರ ಬೇಟೆಯ ಕೋವಿಗೆ ಹೊಸ ಹಿಡಿ ಹಾಕಿಸುವವರು ಹಳೆಯದನ್ನು ಒಲೆಗೆ ಹಾಕದಿರಲಿ. ಮುರಿದ ಆ ಮರದಲ್ಲಿಯೇ ಅಜ್ಜನ ತೋಳಿನ ಅಳತೆಯೂ ಅಂಗೈಯ ಸವೆತವೂ ಉಳಿದಿರುವುವು. ಕಬ್ಬಿಣಕ್ಕೆ ಆ ನೆನಪಿಲ್ಲ. ಬಡಗಿಗೆ ಅದೇ ಮಾದರಿ, ಮನೆತನಕ್ಕೆ ಅದೇ ಶಾಸನ.