ಪತ್ರರೂಪದ ಕಾದಂಬರಿಗಳ ಆಕರ್ಷಣೆ

ಲಂಡನ್ನಿನ ಮುದ್ರಕ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಮಾದರಿ ಪತ್ರಗಳ ಕೈಪಿಡಿಯೊಂದನ್ನು ರಚಿಸುತ್ತಿದ್ದಾಗಲೇ ‘ಪಮೇಲಾ’ (1740) ಎಂಬ ಪತ್ರರೂಪದ ಕಾದಂಬರಿಯ ಕಲ್ಪನೆ ಮೊಳೆಯಿತು. ನಡೆದುಹೋದ ಕಥೆಯನ್ನು ಹೇಳುವ ನಿರೂಪಕನಿಗೆ ಅದರ ಅಂತ್ಯ ತಿಳಿದಿರುತ್ತದೆ. ಪತ್ರ ಬರೆಯುವವಳಿಗೆ ನಾಳೆ ಏನೆಂಬುದು ತಿಳಿಯದು. ಅವಳ ಭಯ, ನಿರೀಕ್ಷೆಗಳಲ್ಲಿ ಓದುಗರೂ ಪಾಲುಗೊಳ್ಳುತ್ತಾರೆ. ‘ಕ್ಲಾರಿಸಾ’ (1747-48) ಸಂಪುಟ ಸಂಪುಟವಾಗಿ ಹೊರಬರುತ್ತಿದ್ದಾಗ, ನಾಯಕಿಯನ್ನು ಉಳಿಸಬೇಕೆಂದು ಓದುಗರು ಲೇಖಕನಿಗೇ ಪತ್ರ ಬರೆದು ಬೇಡಿಕೊಂಡರು; ಆತ ಒಪ್ಪಲಿಲ್ಲ.

ಪತ್ರವೆಂದರೆ ಹೃದಯದ ಮಾತು ಎಂಬ ಈ ನಂಬಿಕೆಯನ್ನು ಫ್ರಾನ್ಸಿನ ಲಾಕ್ಲೊ 1782ರಲ್ಲಿ ಬುಡಮೇಲು ಮಾಡಿದನು. ಅವನ 175 ಪತ್ರಗಳ ಕಾದಂಬರಿಯ ವಾಲ್ಮೋಂ ಒಬ್ಬಳಿಗೆ ಪ್ರೇಮವನ್ನು ನಿವೇದಿಸುತ್ತಾನೆ, ಇನ್ನೊಬ್ಬಳಿಗೆ ಅದರ ಹಿಂದಿನ ಸಂಚನ್ನು ವಿವರಿಸುತ್ತಾನೆ. ಎರಡನ್ನೂ ಓದುವ ನಮಗೆ ವಂಚನೆ ಗೊತ್ತು. ವಂಚಿತಳನ್ನು ಎಚ್ಚರಿಸುವ ದಾರಿ ಮಾತ್ರ ಇಲ್ಲ. ಪರರ ಪತ್ರವನ್ನೋದುವ ಕುತೂಹಲವು ನೈತಿಕ ಸಂಕಟವಾಗಿ ಮಾರ್ಪಡುವುದರಲ್ಲಿಯೇ ಈ ಪ್ರಕಾರದ ಶಕ್ತಿ ಅಡಗಿದೆ.