ಡಿಕೋವನ್ ಬೀದಿಯ ಹಾಲಿನಾಕೆ

1833ರಲ್ಲಿ ಮಿಷಿಗನ್ ಸರೋವರದ ಜೌಗು ದಂಡೆಯ ಮೇಲೆ ಕೆಲವೇ ನೂರು ಜನರ ಹಳ್ಳಿಯಾಗಿದ್ದ ಶಿಕಾಗೊ, 1870ರ ಜನಗಣತಿಯ ಹೊತ್ತಿಗೆ ಸುಮಾರು 3 ಲಕ್ಷ ಜನರ ನಗರವಾಗಿ ಬೆಳೆದು ನಿಂತಿತ್ತು. 1848ರಲ್ಲಿ ಕಾಲುವೆಯೂ ರೈಲೂ ಒಂದೇ ವರ್ಷ ಅಲ್ಲಿಗೆ ಬಂದವು. ಉತ್ತರದ ಕಾಡುಗಳ ಪೈನ್ ಮರ, ಬಯಲುನಾಡಿನ ಗೋಧಿ, ಪಶ್ಚಿಮದ ದನ ಎಲ್ಲವೂ ಆ ಊರನ್ನು ಹಾದೇ ಹೋಗತೊಡಗಿದವು. ಕೆಸರಿನಲ್ಲಿ ಹೂತುಹೋಗುತ್ತಿದ್ದ ಬೀದಿಗಳನ್ನು ಮಣ್ಣು ತುಂಬಿ ಎತ್ತರಿಸಿದರು. ಇಟ್ಟಿಗೆಯ ಕಟ್ಟಡಗಳನ್ನೇ ಜಾಕ್ ಕೊಟ್ಟು ಮೇಲೆತ್ತಿದರು. ಊರಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿ, ದುಡಿಮೆ ಅರಸಿ ಬಂದವರು.

ಐರ್ಲೆಂಡಿನಿಂದ ಬಂದ ಪ್ಯಾಟ್ರಿಕ್ ಓಲಿಯರಿ ಮತ್ತು ಕ್ಯಾಥರೀನ್ ಅಂಥವರಲ್ಲಿ ಇಬ್ಬರು. ನಗರದ ಪಶ್ಚಿಮ ಭಾಗದ ಡಿಕೋವನ್ ಬೀದಿಯಲ್ಲಿ ಅವರದೊಂದು ಮರದ ಮನೆ. ಮುಂಭಾಗವನ್ನು ಬಾಡಿಗೆಗೆ ಕೊಟ್ಟು, ಹಿಂಭಾಗದಲ್ಲಿ ಗಂಡ ಹೆಂಡತಿ ಐದು ಮಕ್ಕಳೊಡನೆ ಇದ್ದರು. ಪ್ಯಾಟ್ರಿಕ್ ಕೂಲಿಯಾಳು, ಸಹಿಯ ಜಾಗದಲ್ಲಿ ಗುರುತು ಹಾಕುತ್ತಿದ್ದ. ಸಂಸಾರ ನಿಂತಿದ್ದು ಹೆಚ್ಚಾಗಿ ಕ್ಯಾಥರೀನಳ ಹಾಲಿನ ವ್ಯಾಪಾರದ ಮೇಲೆ. ಬೆಳಗಿನ ಜಾವ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ ಹಿತ್ತಲ ಕೊಟ್ಟಿಗೆಯಲ್ಲಿ ಹಸುಗಳನ್ನು ಕರೆಯುವುದು, ನೆರೆಹೊರೆಗೆ ಹಾಲು ಹಾಕಿ ಬರುವುದು, ಮೇವು ಹೊಂದಿಸುವುದು: ಇದೇ ಆಕೆಯ ದಿನಚರಿ. ಚಳಿಗಾಲಕ್ಕೆಂದು ಹುಲ್ಲು, ಮರದ ಹೊಟ್ಟು, ಕಲ್ಲಿದ್ದಲು ಆ ಕೊಟ್ಟಿಗೆಯಲ್ಲೇ ತುಂಬಿರುತ್ತಿದ್ದವು.

1871ರ ಬೇಸಿಗೆಯಿಂದಲೂ ಮಳೆ ಬಹುಮಟ್ಟಿಗೆ ಕೈಕೊಟ್ಟಿತ್ತು. ಮನೆ, ಬೇಲಿ, ಕಾಲುದಾರಿ ಎಲ್ಲವೂ ಪೈನ್ ಹಲಗೆಯವಾಗಿದ್ದ ಆ ಊರು ಒಣಗಿದ ಸೌದೆಯ ಒಟ್ಟಿಲಿನಂತಾಗಿತ್ತು. ಅಕ್ಟೋಬರ್ 8ರ ಭಾನುವಾರ ರಾತ್ರಿ ಸುಮಾರು ಒಂಬತ್ತಕ್ಕೆ ಓಲಿಯರಿ ಕೊಟ್ಟಿಗೆಗೆ ಬೆಂಕಿ ಬಿತ್ತು. ಹಿಂದಿನ ರಾತ್ರಿಯ ದೊಡ್ಡ ಬೆಂಕಿಯೊಡನೆ ಹೋರಾಡಿ ಅಗ್ನಿಶಾಮಕರು ಬಸವಳಿದಿದ್ದರು. ಕೋರ್ಟ್‌ಹೌಸ್ ಗೋಪುರದ ಕಾವಲುಗಾರ ಜಾಗ ತಪ್ಪಾಗಿ ಗುರುತಿಸಿದ್ದರಿಂದ ಬಂಡಿಗಳು ಬೇರೆಡೆಗೆ ಓಡಿದವು. ನೈಋತ್ಯದಿಂದ ಬೀಸಿದ ಗಾಳಿ ಕಿಡಿಗಳನ್ನು ನದಿಯಾಚೆಗೆ ಹಾರಿಸಿತು. ನೀರೆತ್ತುವ ಸ್ಥಾವರವೂ ಸುಟ್ಟ ಮೇಲೆ ಕೊಳವೆಗಳಲ್ಲಿ ನೀರೇ ಇಲ್ಲ. ಎರಡನೆಯ ರಾತ್ರಿ ಮಳೆ ಬರುವಷ್ಟರಲ್ಲಿ 17,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾಗಿ, ಸುಮಾರು 300 ಜನ ಸತ್ತು, ಒಂದು ಲಕ್ಷ ಜನ ಬೀದಿಪಾಲಾಗಿದ್ದರು. ಗಾಳಿ ಆಚೆಗೆ ಬೀಸುತ್ತಿದ್ದುದರಿಂದ ಓಲಿಯರಿ ಮನೆ ಮಾತ್ರ ಉಳಿಯಿತು. ಆ ಉಳಿವೇ ಅವರಿಗೆ ಮುಳುವಾಯಿತು.

ರಾತ್ರಿ ಹಾಲು ಕರೆಯುವಾಗ ಹಸು ಲಾಟೀನನ್ನು ಒದ್ದು ಉರುಳಿಸಿತು ಎಂಬ ಸುದ್ದಿ ಬೂದಿ ಆರುವ ಮುನ್ನವೇ ಹಬ್ಬಿತು. ನಲವತ್ತರ ಆಸುಪಾಸಿನ ಹೆಂಗಸನ್ನು ಶಿಕಾಗೊ ಟೈಮ್ಸ್ ಪತ್ರಿಕೆ ಎಪ್ಪತ್ತರ ಮುದುಕಿಯೆಂದು ಚಿತ್ರಿಸಿತು, ಸೇಡಿಗಾಗಿ ಊರು ಸುಟ್ಟವಳೆಂದಿತು. ಐರಿಷಳು, ಕ್ಯಾಥೊಲಿಕಳು, ಬಡವಳು. ಆ ಕಾಲದ ಸಿರಿವಂತ ಶಿಕಾಗೊಗೆ ಇಷ್ಟೇ ಸಾಕಾಯಿತು. ಲಂಗುಲಗಾಮಿಲ್ಲದೆ ಮರದಲ್ಲಿ ಊರು ಕಟ್ಟಿದವರ ಹೊಣೆಯನ್ನು ಹಾಲು ಮಾರುವ ಹೆಂಗಸಿನ ತಲೆಗೆ ಕಟ್ಟಿದ್ದು ಘೋರ ಅನ್ಯಾಯವೆಂದೇ ನನ್ನ ಎಣಿಕೆ.

ಪೊಲೀಸ್ ಮತ್ತು ಅಗ್ನಿಶಾಮಕ ಮಂಡಳಿಯ ವಿಚಾರಣೆಯಲ್ಲಿ ಕ್ಯಾಥರೀನ್ ತಾನು ಕಾಲುನೋವೆಂದು ಬೇಗ ಮಲಗಿದ್ದೆನೆಂದು ಹೇಳಿದಳು. ಬೆಂಕಿ ಹೇಗೆ ಹತ್ತಿತೆಂದು ನಿರ್ಣಯಿಸಲಾಗದು ಎಂದು ಮಂಡಳಿ ಕೈಬಿಟ್ಟಿತು. ಆದರೆ ಕಥೆ ಸಾಯಲಿಲ್ಲ. ಕುಟುಂಬ ಮನೆ ಬಿಟ್ಟು ನಗರದ ದಕ್ಷಿಣಕ್ಕೆ ಹೋಯಿತು. ಆಕೆ ಫೋಟೊ ತೆಗೆಯಲು ಯಾರಿಗೂ ಅವಕಾಶ ಕೊಡಲಿಲ್ಲ. ಇತ್ತ ಊರು ಇಟ್ಟಿಗೆ, ಉಕ್ಕಿನಲ್ಲಿ ಮರಳಿ ಎದ್ದು, 1890ಕ್ಕೆ ಹತ್ತು ಲಕ್ಷ ಜನರನ್ನು ದಾಟಿತು. ಬಡವರ ಏಳಿಗೆಯ ಕುರಿತು ಸ್ವಾಮಿ ವಿವೇಕಾನಂದರು ಮೈಸೂರಿನ ಚಾಮರಾಜೇಂದ್ರ ಒಡೆಯರಿಗೆ 1894ರ ಜೂನ್‌ನಲ್ಲಿ ಪತ್ರ ಬರೆದದ್ದು ಇದೇ ಶಿಕಾಗೊದಿಂದ. ಆಗ ಕ್ಯಾಥರೀನ್ ಅದೇ ಊರಿನಲ್ಲಿ ಬದುಕಿದ್ದಳು. 1895ರ ಜುಲೈನಲ್ಲಿ ತೀರಿಕೊಂಡಳು.

1997ರಲ್ಲಿ ಶಿಕಾಗೊ ನಗರಸಭೆ ಠರಾವು ಮಾಡಿ ಆಕೆಯನ್ನೂ ಆಕೆಯ ಹಸುವನ್ನೂ ದೋಷಮುಕ್ತಗೊಳಿಸಿತು. ಅದಕ್ಕೆ ಅಷ್ಟು ಕಾಯಬೇಕಿರಲಿಲ್ಲ. ಸಂಜೆ ನಾಲ್ಕೂವರೆಗೆ ಕರೆದ ಹಸುವಿನ ಕೆಚ್ಚಲಿಗೆ ರಾತ್ರಿ ಒಂಬತ್ತಕ್ಕೆ ಯಾರೂ ಕೈ ಹಾಕುವುದಿಲ್ಲ ಎಂಬುದನ್ನು ದನ ಕಟ್ಟಿದ ಯಾರನ್ನು ಕೇಳಿದ್ದರೂ 1871ರಲ್ಲೇ ಹೇಳುತ್ತಿದ್ದರು.